ನಂಜಕ್ಕನ ಬೀಸುವ ಕಲ್ಲಿನ ಪಾಠ

ಇವತ್ತು ಮೊಮ್ಮಗಳು ಗಿರಣಿಯಿಂದ ತಂದ ರಾಗಿಹಿಟ್ಟಿನ ಚೀಲ ಬಿಚ್ಚಿದಳು. ಆ ಬಿಸಿಹಿಟ್ಟಿನ ವಾಸನೆ ನನ್ನನ್ನು ಸೀದಾ ಹನಗೋಡಿನ ನಂಜಕ್ಕನ ಪಡಸಾಲೆಗೆ ಎಳೆದೊಯ್ದು ಕೂರಿಸಿತು.

ಆಗ ಮಹಾರಾಜರ ಕಾಲ. ಪಕ್ಕದ ಮನೆಯ ಸೊಸೆ ನಂಜಕ್ಕ ಓದು ಬಲ್ಲವಳು. ಕೇರಿಯ ಮಕ್ಕಳಿಗೆ ಪುಕ್ಕಟೆ ಓದು ಕಲಿಸುವ ಆಸೆ ಅವಳಿಗೆ, ಬಿಡುವು ಕೊಡುವ ಆಸೆ ಅವಳ ಅತ್ತೆಗಿಲ್ಲ. ಹಾಗಾಗಿ ರಾಗಿ ಬೀಸುವಾಗಲೇ ನಮ್ಮನ್ನು ಎದುರು ಕೂರಿಸಿ, ಕಲ್ಲಿನ ಗೂಟ ಹಿಡಿಸಿ, ಪಕ್ಕದಲ್ಲಿ ಪುಸ್ತಕ ತೆರೆದಿಡುತ್ತಿದ್ದಳು. ಒಂದು ಸುತ್ತಿಗೆ ಒಂದು ಪದ. ಕಲ್ಲು ನಿಂತರೆ, "ಯಾಕವ್ವ, ಅಕ್ಸರ ಗಂಟ್ಲಲ್ಲಿ ಸಿಕ್ಕಾಕ್ಕೊಂತಾ?" ಎನ್ನುತ್ತಿದ್ದಳು. ಅತ್ತೆಗೆ ಹಿಟ್ಟು, ನಮಗೆ ವಿದ್ಯೆ, ಎರಡೂ ನುಣ್ಣಗೆ.

ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ನಮ್ಮಜ್ಜಿ, "ಓದಕ್ ಬರ್ದಿದ್ರೆ ನಾಳಿಂದ ಮೇಕೆ ಮೇಯ್ಸೋಗು ಕಣಮ್ಮಿ" ಎಂದೇ ಕಳಿಸಿದ್ದಳು. ಪುಸ್ತಕ ಹಿಡಿದು ನಿಂತೆ. ಕಲ್ಲಿಲ್ಲದೆ ಒಂದು ಪದವೂ ಹೊರಡಲಿಲ್ಲ! ನನ್ನ ಪಾಡು ನೋಡಲೆಂದೇ ಬಂದು ಕಿಟಕಿಯಾಚೆ ನಿಂತಿದ್ದ ನಂಜಕ್ಕ ಗಾಳಿಯಲ್ಲಿ ಕೈ ತಿರುಗಿಸಿದಳು. ನಾನೂ ತಿರುಗಿಸಿದೆ. ಪಾಠ ಗಡಗಡನೆ ಉದುರಿತು.

"ಇದೇನ್ರೀ ಮೇಷ್ಟ್ರೇ, ಈ ಕೈ?" ಎಂದರು ಇನ್‌ಸ್ಪೆಕ್ಟರು.

"ರಾಗಿ ಬೀಸ್ತಾವ್ಳೆ ಸ್ವಾಮಿ" ಎಂದು ಮೇಷ್ಟ್ರು ಬೆವರಿದರು.

"ಬೀಸಲಿ ಬಿಡಿ, ಹಿಟ್ಟು ಚೆನ್ನಾಗೇ ಬೀಳ್ತಿದೆಯಲ್ಲ!"

ಮೇಕೆಗಳು ಬಚಾವಾದವು, ನಾನೂ.

ಈಗಲೂ ಪತ್ರಿಕೆ ಓದುವಾಗ ಬಲಗೈ ತನ್ನಷ್ಟಕ್ಕೆ ಸುತ್ತುತ್ತದೆ. "ಕೈ ನೋವಾ ಅಜ್ಜಿ?" ಎಂದಳು ಇವತ್ತು ಅದನ್ನು ಕಂಡ ಮೊಮ್ಮಗಳು.

"ಇಲ್ಲ ಕಣೇ, ನಂಜಕ್ಕ ಎದುರಿಗೆ ಕೂತವ್ಳೆ" ಎಂದೆ.