ಸಂಜೆಗೆ ಬರುವ ಕಾಯಿಲೆ

ಅಟ್ಟ ಗುಡಿಸುವಾಗ ಮುದ್ದೆ ತೊಳಸುವ ಹಳೆಯ ಕೋಲು ಸಿಕ್ಕಿತು. ತುದಿ ಕರಿಕಟ್ಟಿದೆ, ಮೂಗಿನ ಹತ್ತಿರ ಹಿಡಿದರೆ ಇನ್ನೂ ಸೀದ ರಾಗಿಯ ವಾಸನೆ. ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ನೀವು ಕೇಳಬಹುದು. ಎಸೆಯುವುದಕ್ಕೂ ಒಂದಿಷ್ಟು ಚೈತನ್ಯ ಬೇಕಲ್ಲ, ಈಚೆಗೆ ನನ್ನಲ್ಲಿ ಅದು ಕಮ್ಮಿ.

ಕೋಲು ಕಂಡರೆ ಓರಗಿತ್ತಿ ಸುಜಾತಳ ನೆನಪು. ನನ್ನ ಮೈದುನನ ಹೆಂಡತಿ. ಬಡವನಹಳ್ಳಿಯಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದ ಕಾಲ. ಬೆಳಿಗ್ಗೆ ಅವಳು ತೊಳಸಿದ ಮುದ್ದೆ ಬೆಣ್ಣೆಯಂತಿರುತ್ತಿತ್ತು, ಸಂಜೆಯದು ಬರೀ ಗಂಟು. ಕೋಲನ್ನು ಪಾತ್ರೆಯಲ್ಲೇ ಬಿಟ್ಟು, ಕೈ ಇಳಿಬಿಟ್ಟು ನಿಂತುಬಿಡುವಳು. ಊಟಕ್ಕೆ ಕೂತರೆ ರೆಪ್ಪೆ ಜೋತುಬೀಳುವುದು, ಮಾತು ಮೂಗಿಗೇರುವುದು.

“ಬೆಳಗ್ಗೆ ಇಲ್ದಿದ್ ಕಾಯ್ಲೆ ಹೊತ್ ಮುಣುಗ್ತಿದ್ದಂಗೆ ಎಲ್ಲಿಂದ ಬತ್ತದಮ್ಮ?” ಎನ್ನುವರು ಅತ್ತೆ.

ನಾನೇನು ಕಮ್ಮಿಯೇ? “ಇವಳ ಕಾಯ್ಲೆಗೆ ಗಡಿಯಾರ ನೋಡಕ್ ಬತ್ತದೆ ಕಣತ್ತೆ” ಎಂದೆ. ಮನೆಯೆಲ್ಲ ನಕ್ಕಿತು. ಅವಳೂ ನಗಲು ಹೋದಳು, ಕೆನ್ನೆ ಮೇಲೇಳಲಿಲ್ಲ. ಸೊಟ್ಟಮೋರೆ ಮಾಡಿದಳೆಂದು ನನಗೆ ಅದಕ್ಕೂ ಸಿಟ್ಟು. ಅವಳ ಪಾಲಿನ ಕೆಲಸವೂ ನನ್ನ ತಲೆಗೆ ಬಿದ್ದಿತ್ತಲ್ಲ. ಅಷ್ಟರಲ್ಲಿ ಮೈದುನ ಅವಳನ್ನು ತವರಿಗೆ ಬಿಟ್ಟುಬರುವ ಮಾತಾಡತೊಡಗಿದ್ದ.

ಡಾಕ್ಟರಿಗೆ ತೋರಿಸಲಿಲ್ಲವೆಂದಲ್ಲ. ನಮ್ಮ ಕಡೆ ಆಸ್ಪತ್ರೆಗೆ ಹೋಗುವುದೆಂದರೆ ಹಿಂದಿನ ದಿನ ಬೇಗ ಮಲಗಿ, ಎದ್ದು ಸ್ನಾನ ಮಾಡಿ, ಒಗೆದಿಟ್ಟ ಸೀರೆ ಉಟ್ಟು ಮಧುಗಿರಿಯ ಮೊದಲ ಬಸ್ಸು ಹಿಡಿಯುವುದು. ಹಾಗೆ ಮೂರು ಸಲ ಹೋದಳು. ಡಾಕ್ಟರ ಮುಂದೆ ಆಗತಾನೇ ಕಿತ್ತ ಹೂವಿನಂತೆ ಕೂತು, ಟಾನಿಕ್ಕು ಹಿಡಿದು ವಾಪಸು ಬಂದಳು.

ನಾಲ್ಕನೆಯ ಸಲ ಹೊರಡುವ ಹೊತ್ತಿಗೆ ಸರಿಯಾಗಿ ನಲ್ಲಿಯಲ್ಲಿ ನೀರು ಬಂತು. ವಾರಕ್ಕೊಮ್ಮೆ ಬರುವ ನೀರು, ಬಿಟ್ಟು ಹೋಗುವುದುಂಟೆ? ಕೊಡ, ಡ್ರಮ್ಮು, ಕೊನೆಗೆ ಸಾರಿನ ಪಾತ್ರೆಗೂ ತುಂಬಿಸಿದೆವು. ಸುಜಾತಳೂ ಹೊತ್ತಳು. ಅತ್ತೆ, ನಾನು, ಅವಳು ಮಧ್ಯಾಹ್ನದ ಬಸ್ಸು ಹಿಡಿದು ಮಧುಗಿರಿ ಮುಟ್ಟಿ ನಮ್ಮ ಸರದಿ ಬರುವಾಗ ಟ್ಯೂಬ್‌ಲೈಟು ಹಾಕಿದ್ದರು.

ಡಾಕ್ಟರು ಅವಳ ಮುಖ ನೋಡಿದರು. “ಯಾವಾಗ್ಲೂ ಹೀಗೇನಾ?”

“ಸಂಜೆ ಆದ್ರೆ ಹಿಂಗೇ ಸ್ವಾಮಿ” ಎಂದರು ಅತ್ತೆ. “ಇವಳ ಕಾಯ್ಲೆಗೆ ಗಡಿಯಾರ ನೋಡಕ್ ಬತ್ತದೆ ಅಂತಾಳೆ ನಮ್ ದೊಡ್ ಸೊಸೆ.”

ನಾನು ನೆಲ ನೋಡಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. “ಇನ್ನೊಂದ್ಸಲ ಹೇಳಿ.” ಆಮೇಲೆ ಅವಳಿಗೆ ತಲೆ ಎತ್ತದೆ ಬರೀ ಕಣ್ಣೆತ್ತಿ ಫ್ಯಾನನ್ನೇ ನೋಡುತ್ತಿರಲು ಹೇಳಿದರು. ನೋಡನೋಡುತ್ತಲೇ ಎರಡೂ ರೆಪ್ಪೆ ಇಳಿದವು.

ದೊಡ್ಡಾಸ್ಪತ್ರೆಯಲ್ಲಿ ರಕ್ತಪರೀಕ್ಷೆ ಆದ ಮೇಲೆ ಮಧುಗಿರಿಯ ಡಾಕ್ಟರೇ ಬಿಡಿಸಿ ಹೇಳಿದರು. ನರ ಸ್ನಾಯುವನ್ನು ಮುಟ್ಟುವುದೇ ಇಲ್ಲವಂತೆ, ನಡುವೆ ಕಣ್ಣಿಗೆ ಕಾಣದ ಸಂದು. ನರದ ತುದಿ ಆ ಸಂದಿಗೆ ಒಂದು ರಾಸಾಯನಿಕ ಬಿಡುತ್ತದೆ, ಆಚೆಯ ಸ್ನಾಯು ಹಿಡಿದುಕೊಂಡರೆ ಕೈ ಏಳುತ್ತದೆ. ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದೂ ಹೆಚ್ಚುಕಮ್ಮಿ ಹೀಗೆಯೇ. “ಮನೆಗೆ ಹೆಂಚು ಹೊದಿಸುವಾಗ ಕೆಳಗಿನವನು ಎಸೀತಾನೆ, ಮೇಲಿನವನು ಹಿಡೀತಾನೆ ಅಲ್ವಾ? ಇವರಲ್ಲಿ ಎಸೆಯೋದು ಸರಿಯಾಗಿದೆ. ಹಿಡಿಯೋ ಕೈಗಳನ್ನ ಇವರ ಮೈಯೇ ಕಟ್ಟಿಹಾಕಿದೆ. ದುಡೀತಾ ದುಡೀತಾ ಎಸೆತ ಎಲ್ಲರಿಗೂ ಕಮ್ಮಿ ಆಗುತ್ತೆ, ಇವರಿಗೆ ಆಗ ಒಂದೂ ಕೈಗೆ ಸಿಗಲ್ಲ. ಮಲಗೆದ್ದರೆ ಮತ್ತೆ ಸರಿ.” ಅವರು ಬರೆದ ಮಾತ್ರೆ ಆ ರಾಸಾಯನಿಕ ಬೇಗ ಕರಗದಂತೆ ಇನ್ನಷ್ಟು ಹೊತ್ತು ಸಂದಿನಲ್ಲಿ ನಿಲ್ಲಿಸುತ್ತದಂತೆ.

“ಹಂಗಾರೆ ಇವ್ಳು ಸೋಮಾರಿ ಅಲ್ವಾ ಸ್ವಾಮಿ?” ಎಂದರು ಅತ್ತೆ.

“ಅಲ್ಲಮ್ಮ.”

ಕಾಯಿಲೆ ಇದೆ ಎನಿಸಿಕೊಂಡು ಸುಜಾತಳಷ್ಟು ಹಗುರಾಗಿ ಅತ್ತವರನ್ನು ನಾನು ಬೇರೆ ಕಂಡಿಲ್ಲ. ತವರಿನ ಮಾತು ಅಲ್ಲಿಗೇ ನಿಂತಿತು. ಅತ್ತೆ ತಪ್ಪಾಯಿತು ಎನ್ನಲಿಲ್ಲ, ಸಂಜೆಯ ಮುದ್ದೆಗೆ ತಾವೇ ಸೆರಗು ಕಟ್ಟಿ ನಿಂತರು. ನಾನು ಅದನ್ನೂ ಮಾಡಲಿಲ್ಲ.

ಸುಜಾತ ಈಗ ಶಿರಾದಲ್ಲಿದ್ದಾಳೆ. ಹೊತ್ತು ಹೊತ್ತಿಗೆ ಮಾತ್ರೆ ನುಂಗಿಕೊಂಡು ಬದುಕು ನಡೆಸಿದ್ದಾಳೆ. ಇಷ್ಟು ವರ್ಷಕ್ಕಾದರೂ ಆ ಗಡಿಯಾರದ ಮಾತಿಗೆ ತಪ್ಪೊಪ್ಪಿಕೊಳ್ಳೋಣವೆಂದು ಫೋನ್ ಮಾಡಿದೆ. ಬಾಯಿಗೆ ಬಂದದ್ದು ಬೇರೆ.

“ಯಾಕೋ ಸುಸ್ತು ಕಣೆ. ಮೈಯೆಲ್ಲ ಸುಸ್ತು.”

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಂಥ ಮಾತನ್ನು ಜನ ಹೇಗೆ ಕೇಳಿಸಿಕೊಳ್ಳುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ನಿಂತ್ಕಂಡೇ ಮಾತಾಡ್ತಿದ್ದೀಯ ಅಲ್ವಾ? ಕೂತ್ಕಳಕ್ಕಾ ಮೊದ್ಲು.”

ನಿಂತೇ ಇದ್ದೆ. ಕೂತೆ.

“ಈಗ ಹೇಳು” ಎಂದಳು.