ಕಾರಿನಡಿಯ ಮಣೆಗಳು

ಅಣ್ಣನ ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಕಮಾನುಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್, ಕೂರಿಸುವ ಕೆಲಸ ಬೆಳಗಿನಿಂದ ಮುಗಿದಿರಲಿಲ್ಲ. ಘಾಟಿನ ಹತ್ತಿರದ ಸೋನಾರ್‌ಪುರದ ನಮ್ಮ ಶೆಡ್ಡಿನಲ್ಲಿ ಇಬ್ಬರೂ ದಣಿದಿದ್ದೆವು. ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಯಾತ್ರಿಕರು ಶ್ರಾದ್ಧಕ್ಕೆ ಕೂರುವ ಮಣೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಅಣ್ಣ ಅದಕ್ಕೆ ಆನಿಕೆ ಕೊಟ್ಟು ಜಾಕು ತೆಗೆದಿದ್ದ. ನಮ್ಮಂಥ ಪುರೋಹಿತರ ಮನೆಯಲ್ಲಿ ಮಣೆಗಳಿಗೆ ಬರವಿಲ್ಲ.

ಪಟ್ಟಿ ಆಕ್ಸಲ್ಲಿನ ಮೇಲೆ ಕೂರುತ್ತದೆ. ಅದರ ನಡುವಿನ ಬೋಲ್ಟಿನ ತಲೆ ಆಕ್ಸಲ್ಲಿನ ತೂತಿಗೆ ಸರಿಯಾಗಿ ಇಳಿಯಬೇಕು, ಬಿಗಿಯುವುದು ಆಮೇಲೆ. ಇಳಿದಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಅಣ್ಣ ಪಕ್ಕದಲ್ಲಿ ಮಲಗಿ, ಪಟ್ಟಿಗೂ ಆಕ್ಸಲ್ಲಿಗೂ ನಡುವಿನ ಸಂದಿಗೆ ಬಲಗೈ ಬೆರಳು ತೂರಿಸಿ ತಡವುತ್ತಿದ್ದ. ದರ್ಭೆಯ ಪವಿತ್ರ ತೊಡುವ ಕೈ ಅದು. ನಮ್ಮ ಮನೆಯ ಅನ್ನವೂ ಅದೇ ಕೈಯದು.

"ಅಣ್ಣಾ, ಜನಿವಾರ ಗ್ರೀಸಿಗೆ ತಾಗ್ತಾ ಇದೆ" ಎಂದೆ.

"ಥೂ, ನಿನ್ನೆಯಷ್ಟೇ ಬದಲಾಯಿಸಿದ್ದು ಕಣೋ" ಎಂದು ಗೊಣಗುತ್ತಾ ಅವನು ಕೈ ಹೊರಗೆಳೆದು ಜನಿವಾರವನ್ನು ಬೆನ್ನಿಗೆ ತಳ್ಳಿದ. ಆಗಲೇ ಕೆಳಗಿನ ಮಣೆ ಸೀಳಿತು. ಕಾರು ಕುಸಿದು, ಪಟ್ಟಿ ಆಕ್ಸಲ್ಲಿಗೆ ಬಡಿದು, ಸಂದಿ ಮುಚ್ಚಿಹೋಯಿತು.

ಸದ್ದು ಕೇಳಿ ಅತ್ತಿಗೆ ಬಾಗಿಲಿಗೆ ಬಂದರು. ಮುರಿದ ಮಣೆಗಳು ಮಾತ್ರ ಅವರಿಗೆ ಕಂಡವು. "ನಾಳೆ ಬರೋರನ್ನ ಎಲ್ಲಿ ಕೂರಿಸ್ತೀರಿ, ನಿಮ್ಮ ಗಾಡಿ ಬಾನೆಟ್ ಮೇಲಾ?"

ಅಣ್ಣ ಬಲ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಮರುದಿನ ಘಾಟಿನಲ್ಲಿ ಯಾತ್ರಿಕರು ಚಾಪೆಯ ಮೇಲೆ ಕೂತರು. ಅಣ್ಣ ಸಂಕಲ್ಪಕ್ಕೆ ಮುನ್ನ ಪವಿತ್ರ ತೊಡಲು ಹೋದ. ಅದು ಬೆರಳಿಗೆ ಸೇರದೆ ಮತ್ತೆ ಮತ್ತೆ ಕಲ್ಲಿನ ಮೇಲೆ ಬಿತ್ತು. ಕೊನೆಗೆ ನಾನೇ ಬೇರೊಂದು ದರ್ಭೆ ತೆಗೆದು, ಗಂಟು ಹಾಕಿ, ಅವನ ಬೆರಳಿಗೆ ತೊಡಿಸಿದೆ.