ಗುಲಾಬಿ ಸೀರೆಯ ಅಳು

ಹೊಸಪೇಟೆಯಲ್ಲಿ ಮಿರ್ಚಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ವಿಡಿಯೊ ಕಂಪನಿ. ಕಂಪನಿ ಎಂದರೆ ಮೂರು ಜನ. ನಾನು ಡೈರೆಕ್ಟರು. ಅಂದರೆ ಮದುವೆ ಮನೆಯವರ ಜೊತೆ ಮಾತಾಡುವವಳು, ಹುಡುಗ ಹುಡುಗಿ ಹಂಪಿಯ ಯಾವ ಕಂಬಕ್ಕೆ ಒರಗಿ ಯಾವ ಕಡೆ ನೋಡಬೇಕು ಎಂದು ಹೇಳುವವಳು, ಗಾರ್ಡು ಸೀಟಿ ಊದಿದರೆ ಎಲ್ಲರಿಗಿಂತ ಮೊದಲು ಓಡುವವಳು. ಎರಡನೆಯವನು ಕ್ಯಾಮೆರಾಮನ್. ಕ್ಯಾಮೆರಾದೊಳಗೆ ಒಮ್ಮೆ ಕಂಡ ಮುಖವನ್ನು ಜನ್ಮದಲ್ಲಿ ಮರೆಯುವುದಿಲ್ಲ, ಕ್ಯಾಮೆರಾ ಕೆಳಗಿಟ್ಟರೆ ಸ್ವಂತ ಸೋದರಮಾವನನ್ನೂ "ಯಾರು ಬೇಕಾಗಿತ್ರಿ?" ಎಂದು ಕೇಳುವ ಆಸಾಮಿ. ಮೂರನೆಯವಳು ಎಡಿಟರ್. ಕೆಳಗಿನ ಅಂಗಡಿಯಿಂದ ಎಣ್ಣೆ ಕಾದ ವಾಸನೆ ಬಂದಾಗ ಮಾತ್ರ ಆಕೆ ಕುರ್ಚಿ ಬಿಟ್ಟು ಏಳುತ್ತಾಳೆ.

ಈಕೆಯ ಕಂಪ್ಯೂಟರಿನಲ್ಲಿ ಒಂದು ಖಜಾನೆಯಿದೆ. ನಾವು ಅದಕ್ಕೆ ಅಳು ಬ್ಯಾಂಕು ಎನ್ನುತ್ತೇವೆ. ಯಾವ ಮದುವೆಯಲ್ಲಿ ಯಾರು ಚೆಂದಾಗಿ ಅತ್ತರೂ, ಯಾವ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರೂ ಆ ತುಣುಕನ್ನು ಕತ್ತರಿಸಿ ಎತ್ತಿಡುತ್ತಾಳೆ. ಮುಂದೆ ಯಾರದೋ ಮದುವೆಯಲ್ಲಿ ಅಳು ಕಡಿಮೆ ಬಿದ್ದರೆ ಇಲ್ಲಿಂದ ತೆಗೆದು ಹಾಕುವುದು. ಮುಖ ಹತ್ತಿರದಿಂದ ತೆಗೆದದ್ದಾಗಿರಬೇಕು, ಹಿಂದೆ ಚೆಂಡುಹೂವು ಮಸುಕಾಗಿ ಕಾಣಬೇಕು, ಮುಗಿಯಿತು. ಹೆಣ್ಣಿನವರು ಯಾರೋ ಗಂಡಿನ ಕಡೆಯವರು ಅಂದುಕೊಳ್ಳುತ್ತಾರೆ, ಗಂಡಿನವರು ಹೆಣ್ಣಿನ ಕಡೆಯವರು ಅಂದುಕೊಳ್ಳುತ್ತಾರೆ. ಮಲಪನಗುಡಿಯ ಒಬ್ಬ ಅಜ್ಜಿಯಂತೂ ಸುತ್ತಲಿನ ಎಷ್ಟೋ ಮದುವೆಗಳಲ್ಲಿ ನಕ್ಕಿದ್ದಾಳೆ, ಪಾಪ, ಅವಳಿಗೆ ಸುದ್ದಿಯೇ ಇಲ್ಲ. ಬ್ಯಾಂಕಿನಲ್ಲಿ ಒಂದೇ ಕೊರತೆ, ಗಂಡಸರ ಅಳು. ಕ್ಯಾಮೆರಾ ಕಂಡರೆ ಸಾಕು, ಅಳುವ ಗಂಡಸು ಕಣ್ಣಿಗೆ ಹೊಗೆ ಹೋಯಿತು ಎಂದು ಮುಖ ತಿರುಗಿಸುತ್ತಾನೆ.

ಕಂಪ್ಲಿಯ ರೈಸ್‌ಮಿಲ್ ಮಾಲೀಕರೊಬ್ಬರ ಮಗಳ ಮದುವೆಯ ವಿಡಿಯೊ ಮಾಡಿಕೊಟ್ಟಿದ್ದೆವು. ಗಂಡಿನ ಮನೆ ಕಮಲಾಪುರ. ಹುಡುಗಿ ಕಾರು ಹತ್ತುವಾಗ, "ಯವ್ವಾ, ಆಯ್ತಾರ ಬರ್ತೀವಿ, ರೊಟ್ಟಿ ಮಾಡಿರು" ಎಂದು ನಗುತ್ತ ಕೈ ಬೀಸಿ ಹೋದಳು. ತಾಯಿಯೂ ನಗುತ್ತಲೇ ಒಳಗೆ ಹೋದಳು. ವಿಡಿಯೊ ನೋಡಲು ನಮ್ಮಲ್ಲಿಗೆ ಬಂದ ಮಾಲೀಕರಿಗೆ ಸಿಟ್ಟು ನೆತ್ತಿಗೇರಿತು.

"ಏನ್ರಿ ಮೇಡಂ, ನನ್ ಮಗಳು ಮನಿ ಬಿಟ್ಟು ಹೊಂಟಾಳ, ಒಬ್ರ ಕಣ್ಣಾಗ ಒಂದ್ ಹನಿ ನೀರಿಲ್ಲ! ನೋಡಿದ ಮಂದಿ ಏನಂದಾರು? ಪೀಡಾ ತೊಲಗಿತು ಅಂತ ಕಳಿಸ್ಯಾರ ಅನ್ನಂಗಿಲ್ಲೇನು?"

"ಅತ್ತಾರ್ರಿ ಯಜಮಾನ್ರ, ಅದೊಂದಿಷ್ಟು ಸೇರ್ಸೋದು ಬಿಟ್ಟು ಹೋಗೇತಿ" ಅಂದೆ. ಎಡಿಟರ್ ನನ್ನ ಮುಖ ನೋಡಿದಳು. ನಾನು ತಟ್ಟೆಯಲ್ಲಿದ್ದ ಮಿರ್ಚಿಯ ಮುಖ ನೋಡಿದೆ.

ಅವರು ಹೋದ ಮೇಲೆ ಬ್ಯಾಂಕು ತೆರೆದೆವು. ಎಡಿಟರ್ ಯಾರಿಗೂ ಕೊಡದೆ ಜೋಪಾನ ಮಾಡಿದ್ದ ಒಂದು ತುಣುಕು ಹೊರಬಂತು. ಗುಲಾಬಿ ಸೀರೆಯ ಹೆಂಗಸು. ಅಬ್ಬಬ್ಬಾ, ಅದೆಂಥ ಅಳು! ಸದ್ದಿಲ್ಲ, ಬಿಕ್ಕಿಲ್ಲ. ಎತ್ತಲೋ ನೋಡುತ್ತ ನಿಂತಿದ್ದಾಳೆ, ನೋಡುತ್ತಿದ್ದಂತೆ ಕಣ್ಣು ತುಂಬುತ್ತದೆ, ಸೆರಗಿನ ತುದಿ ಬಾಯಿಗೆ ಹೋಗುತ್ತದೆ. "ಇದನ್ನ ಹಾಕಿದ್ರ ಮಾಲಕ್ರ ಬಾಯಿ ಬಂದ್ ಅಕ್ಕಾ" ಎಂದಳು ಎಡಿಟರ್.

ಬಂದ್ ಆದದ್ದು ನಿಜ. ಎರಡನೆಯ ಸಲ ನೋಡಲು ಬಂದ ಮಾಲೀಕರು ಆ ಮುಖ ಬಂದ ಕೂಡಲೆ ಎದ್ದು ನಿಂತರು. "ವಾಪಸ್ ಹಾಕ್ರಿ" ಎಂದರು. ಹಾಕಿದೆವು. "ಇನ್ನೊಮ್ಮಿ." ಹಾಕಿದೆವು.

"ಇಕಿ ಬಂದಿದ್ಲಾ?"

ಎಡಿಟರ್ ತುಣುಕನ್ನು ಅಲ್ಲಿಗೇ ನಿಲ್ಲಿಸಿದಳು. ಮಾಲೀಕರು ನಿಂತಲ್ಲೇ ಎಲ್ಲ ಹೇಳಿದರು. ಅದು ಅವರ ಬೆನ್ನಿಗೆ ಬಿದ್ದ ತಂಗಿ. ಸಂಡೂರಿನ ಆಚೆ ಯಶವಂತನಗರದಲ್ಲಿ ಮನೆ, ಗಂಡ ಗಣಿಯಲ್ಲಿ ಕೆಲಸಕ್ಕಿದ್ದಾನೆ. ತನ್ನ ಮಗಳನ್ನು ತಂಗಿಯ ಮಗನಿಗೇ ಕೊಡಬೇಕೆಂದು ಇವರು ಊರೆಲ್ಲ ಹೇಳಿಕೊಂಡು ಬಂದಿದ್ದರು. ಆ ಹುಡುಗ ತಾನು ಮೆಚ್ಚಿದವಳನ್ನು ಕಟ್ಟಿಕೊಂಡ. ಸೋದರಮಾವನಾದ ಇವರು ಆ ಮದುವೆಗೆ ಹೋಗಲಿಲ್ಲ, ತಂಗಿಯ ಜೊತೆ ಮಾತು ಬಿಟ್ಟರು, ಈಗ ಮಗಳ ಮದುವೆಗೆ ಅವಳನ್ನು ಕರೆಯಲೂ ಇಲ್ಲ.

"ಕರೀದಿದ್ರೂ ಬಂದಾಳ್ರಿ. ಹಿಂದ ನಿಂತು ಅತ್ತು, ಒಂದು ತುತ್ತು ಉಣ್ಣದ ಹೋಗ್ಯಾಳ" ಎಂದರು. ಹೆಂಡತಿಗೆ ಫೋನ್ ಹಚ್ಚಿದರು. ಆ ತಾಯಿ ಆ ಕಡೆಯಿಂದ, "ಹೌದ್ರಿ, ನಾನೂ ನೋಡಿದ್ನಿ. ಕಂಬದ ಹಿಂದ ನಿಂತಿದ್ಲು, ನೀವು ಬೈತೀರಿ ಅಂತ ಸುಮ್ಮನಾದ್ನಿ" ಎಂದರು. ಮದುವೆ ನಡೆದ ಕಲ್ಯಾಣ ಮಂಟಪದಲ್ಲಿ ಕಂಬವೇ ಇರಲಿಲ್ಲ.

ನಿಜ ಹೇಳೋಣವೆಂದು ನಾನು ಬಾಯಿ ತೆರೆದೆ. ಆ ಮನುಷ್ಯ ಆಗಲೇ ಎಡಬಲ ಅದಲುಬದಲಾಗಿ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. "ನೀವೂ ಬರ್ರಿ, ಲ್ಯಾಪ್‌ಟಾಪ್ ತಗೊಳ್ರಿ. ಬಂದಿಲ್ಲ ಅಂತ ಸುಳ್ಳು ಹೇಳಿದ್ರ ತೋರ್ಸಾಕ ಬೇಕು. ತಮ್ಮಾ, ನೀ ಕ್ಯಾಮೆರಾ ಹಿಡಕೊ, ಇದೆಲ್ಲ ಶೂಟ್ ಆಗ್ಲಿ." ಎಡಿಟರ್, "ನಂಗ ಭಾಳ ಕೆಲಸ ಐತಕ್ಕಾ" ಎಂದು ಕುರ್ಚಿಗೆ ಅಂಟಿಕೊಂಡಳು, ಕಳ್ಳಿ.

ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಕೆಂಪು ದೂಳು ತಿನ್ನುತ್ತ ಹೋದೆವು. ಸಂಡೂರಿನಲ್ಲಿ ಕಾರು ನಿಲ್ಲಿಸಿ ಮಾಲೀಕರು ಹಣ್ಣು, ಹೂವು, ಒಂದು ಇಳಕಲ್ ಸೀರೆ ತಂದರು. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, "ಈ ಬಣ್ಣ ಆಕಿಗೆ ಹಿಡಸ್ತೈತಿ ಅಂತೀರೇನು?" ಎಂದು ನನ್ನನ್ನು ಕೇಳಿದರು. ತಂಗಿ, "ನಾನೆಲ್ಲಿ ಬಂದಿದ್ದೆ?" ಎಂದುಬಿಟ್ಟರೆ ಮುಗಿಯಿತು. ಈ ಮನುಷ್ಯ ನಗೆಪಾಟಲಾಗಿ ತಿರುಗಿ ಬರುತ್ತಾರೆ, ಮತ್ತೆ ಈ ದಾರಿ ತುಳಿಯುವುದಿಲ್ಲ. ನಮ್ಮ ಕಂಪನಿಗೆ ಬೀಗ ಬಿದ್ದರೆ ಬೀಳಲಿ, ಆ ಸೀರೆ ವಾಪಸ್ ಕಾರು ಹತ್ತಬಾರದು ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದೆ.

ಯಶವಂತನಗರದ ಆ ಮನೆಯ ಬಾಗಿಲು ತೆರೆದವಳು ತಂಗಿಯೇ. ಕ್ಯಾಮೆರಾಮನ್ ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟ, ತಕ್ಷಣ ಬಿಳಿಚಿಕೊಂಡ. ನನ್ನ ಕಿವಿಯಲ್ಲಿ, "ಅಕ್ಕಾ, ಇವ್ರ ಮಗನ ಮದಿವಿ ನಾನ ಶೂಟ್ ಮಾಡೀನಿ, ಆವತ್ತು ನೀವು ಬಂದಿದ್ದಿಲ್ಲ" ಎಂದ. ಈಗ ನೆನಪಾಯಿತು ಪುಣ್ಯಾತ್ಮನಿಗೆ!

"ಏ ತಂಗಿ, ನನ್ ಮನಿ ತನಕ ಬಂದು ಉಣ್ಣದ ಹ್ವಾದೆಲ್ಲವಾ!" ಎಂದರು ಮಾಲೀಕರು. ಲ್ಯಾಪ್‌ಟಾಪ್ ಕಸಿದುಕೊಂಡು ಆಕೆಯ ಮುಂದೆ ಹಿಡಿದರು.

ಆಕೆ ನೋಡಿದಳು. ಅಣ್ಣನ ಮಗಳ ಕಾರು, ಹಿಂದೆಯೇ ಗುಲಾಬಿ ಸೀರೆಯಲ್ಲಿ ತಾನು. ಕಣ್ಣು ಎತ್ತಿ ಕ್ಯಾಮೆರಾಮನ್‌ನನ್ನು ನೋಡಿದಳು, ಅವನು ಕ್ಯಾಮೆರಾದ ಹಿಂದೆ ಪೂರ್ತಿ ಅಡಗಿಕೊಂಡ. ನನ್ನನ್ನು ನೋಡಿದಳು. ಕೊನೆಗೆ ಅಣ್ಣನ ಕೈಯಲ್ಲಿದ್ದ ಸೀರೆಯನ್ನು ನೋಡಿದಳು.

"ಕರೀದವ್ರ ಮನ್ಯಾಗ ಹೆಂಗ ಉಣ್ಣಲಿ ಅಣ್ಣಾ?" ಅಂದಳು.

ಮಾಲೀಕರು ಹೊಸ್ತಿಲ ಮೇಲೆಯೇ ಕುಸಿದು ಕುಳಿತರು. ಆಕೆ ನನ್ನನ್ನು, "ಬರ್ರಿ, ಒಂದೀಟು ಕೈಗೂಡಸ್ರಿ" ಎಂದು ಅಡುಗೆಮನೆಗೆ ಎಳೆದುಕೊಂಡು ಹೋದಳು. ರವೆ ಹುರಿಯುತ್ತ ನನ್ನ ಕಡೆ ನೋಡದೆ ಕೇಳಿದಳು. "ಆ ಸೀರಿ ನನ್ ಮಗನ ಮದಿವ್ಯಾಗ ಉಟ್ಟಿದ್ದಲ್ಲೇನ್ರಿ?"

"ತಪ್ಪಾತ್ರಿ ಅಕ್ಕಾರ. ಇವತ್ತ ತೆಗದು ಹಾಕ್ತೀವಿ."

"ಆವಾಗ ನಾ ಎತ್ತಾಗ ನೋಡಾಕತ್ತಿದ್ನಿ ಗೊತ್ತೇನು? ಬಾಗಲ ಕಡೆ. ಅಕ್ಕಿಕಾಳು ಹಾಕೋ ಹೊತ್ತಿಗಾದ್ರೂ ಅಣ್ಣ ಬಂದಾನು ಅಂತ." ಸೌಟು ಒಂದು ಗಳಿಗೆ ನಿಂತಿತು. "ಅವನ ಸಲುವಾಗಿ ಅತ್ತಿದ್ದು, ಅವನ ಮನಿ ಮುಟ್ಟೇತಿ. ತೆಗದು ಗಿಗದೀರಿ ಮತ್ತ!"

ಸಕ್ಕರೆ ಸುರಿದ ಬಿಸಿ ಶಿರಾದ ತಟ್ಟೆಯನ್ನು ನಾನೇ ಹೊರಗೆ ಒಯ್ದು ಮಾಲೀಕರಿಗೆ ಕೊಟ್ಟೆ. ಅವರು ಒಂದು ತುತ್ತು ಬಾಯಿಗಿಟ್ಟರು. ಕಣ್ಣಿಂದ ದಳದಳ ನೀರು ಇಳಿಯಿತು. "ಭಾಳ ಖಾರ ಹಾಕ್ಯಾಳ" ಎಂದು ಮುಖ ತಿರುಗಿಸಿದರು. ತಿರುಗಿಸಿದ ಕಡೆಯೇ ನಮ್ಮ ಕ್ಯಾಮೆರಾಮನ್ ನಿಂತಿದ್ದ, ಕೆಂಪು ದೀಪ ಉರಿಯುತ್ತಿತ್ತು.

ಗಂಡಸರ ಅಳು ಬೇಕಾದಾಗಲೆಲ್ಲ ಎಡಿಟರ್ ಆ ತುಣುಕನ್ನು ತೆರೆದು ನನ್ನ ಮುಖ ನೋಡುತ್ತಾಳೆ. ನಾನು ತಲೆ ಅಲ್ಲಾಡಿಸುತ್ತೇನೆ. ಇವತ್ತಿನವರೆಗೂ ಅದನ್ನು ಬೇರೆ ಯಾರ ಮದುವೆಗೂ ಹಾಕಿಲ್ಲ.